ಎರಡು ಪುಟ್, ಒಂದು ಢಮ್

ಮೊನ್ನೆ ಮೈಸೂರಿನಲ್ಲಿ ನನ್ನ ಕಾರನ್ನು ರಿಪೇರಿಗೆ ಬಿಟ್ಟು ಕಾಯುತ್ತ ಕೂತಿದ್ದೆ. ಈಗ ಅದಕ್ಕೆ ರಿಪೇರಿ ಎನ್ನಬಾರದಂತೆ, ಸರ್ವೀಸ್ ಎನ್ನಬೇಕಂತೆ. ಕಾಯುವವರಿಗೆ ಸೋಫಾ, ತಣ್ಣನೆಯ ಗಾಳಿ, ಕಾಗದದ ಲೋಟದಲ್ಲಿ ಕಾಫಿಯ ಹೆಸರಿನ ಯಾವುದೋ ಒಂದು ಬಿಸಿ. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಮೇಲ್ವಿಚಾರಕರೊಬ್ಬರು ಲ್ಯಾಪ್‌ಟಾಪಿನ ವೈರನ್ನು ನನ್ನ ಕಾರಿಗೆ ಚುಚ್ಚಿ ಗಂಭೀರವಾಗಿ ಪರದೆ ನೋಡುತ್ತಿದ್ದರು. "ಟೈಮಿಂಗ್ ನೋಡಿದಿರಾ?" ಎಂದು ಕೇಳಿದೆ. ಕಾರಿನ ಬಗ್ಗೆ ಕೇಳಲು ನನಗೆ ಗೊತ್ತಿರುವ ಪ್ರಶ್ನೆ ಅದೊಂದೇ. ಅವರು ನನ್ನ ನರೆತ ಕೂದಲಿಗೆ ಮರ್ಯಾದೆ ಕೊಟ್ಟು ನಕ್ಕರು. "ಅದನ್ನೆಲ್ಲ ಈಗ ಯಾರೂ ಮುಟ್ಟೋದಿಲ್ಲ ಮೇಡಂ. ಒಳಗಡೆ ಕಂಪ್ಯೂಟರೇ ನೋಡ್ಕೊಳ್ಳುತ್ತೆ."

ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಯಾವನೋ ಬೈಕಿನವನು ಸೈಲೆನ್ಸರಿನಿಂದ 'ಢಮ್' ಎನ್ನಿಸಿಕೊಂಡು ಹೋದ. ಸೋಫಾದ ಮೇಲಿದ್ದವರೆಲ್ಲ ಬೆಚ್ಚಿದರು. ಒಬ್ಬರು ಅವನ ವಂಶವನ್ನೇ ಬೈದರು. ನಾನೇನು ಮಾಡಿದೆ ಗೊತ್ತೆ? ಕೂತಲ್ಲೇ ಎರಡೂ ಮಂಡಿಗಳನ್ನು ಅಗಲಿಸಿ, ನಡುವೆ ಪಾತ್ರೆ ಹಿಡಿದವಳಂತೆ ಮುಂದಕ್ಕೆ ಬಾಗಿದೆ. ಹೌದು, ಹಾಲು ಕರೆಯುವುದಕ್ಕೆ. ಪಕ್ಕದ ಹೆಂಗಸು ನನಗೆ ಹೊಟ್ಟೆನೋವು ಬಂದಿದೆ ಎಂದುಕೊಂಡು ನೀರು ತಂದುಕೊಟ್ಟರು. ಕುಡಿದೆ. ಏನಂತ ಹೇಳಲಿ? ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದೆ.

ತೊಂಬತ್ತರ ದಶಕದ ಮಾತು. ನಾನು ಬಿ.ಎಸ್ಸಿ. ಮುಗಿಸಿ ಪಾಂಡವಪುರದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರಾಗಿ ಸೇರಿದ್ದೆ. ಪೇಟೆಗೆ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವ ಬೋರೇಗೌಡರ ಮನೆ. ಅಲ್ಲೇ ಉಳಿದುಕೊಂಡಿದ್ದೆ. ಮಾವನಿಗೆ ಗದ್ದೆಯಿತ್ತು, ಕಬ್ಬಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಘನತೆಯಿತ್ತು. ಗಂಜಿ ಹಾಕಿದ ಪಂಚೆಯ ಗೆರೆ ಮುರಿಯಬಾರದೆಂದು ಮದುವೆ ಮನೆಗಳಲ್ಲಿ ಊಟದ ಹೊತ್ತಿನ ತನಕ ನಿಂತೇ ಇರುತ್ತಿದ್ದ ಮನುಷ್ಯ. ಆ ಘನತೆಗೆ ಒಪ್ಪುವಂತೆ ಮಜ್ಜಿಗೆ ಬಣ್ಣದ ಒಂದು ಹಳೆಯ ಪೆಟ್ರೋಲ್ ಕಾರು. ಊರಿಗೆಲ್ಲ ಅದೊಂದೇ ಕಾರಾಗಿದ್ದರಿಂದ ಮಾವ 'ಕಾರ್ ಗೌಡ್ರು' ಆಗಿದ್ದರು. ಜಯಮ್ಮತ್ತೆ 'ಕಾರ್ ಗೌಡ್ರ ಹೆಂಡ್ತಿ'. ಮನೆ 'ಕಾರ್ ಗೌಡ್ರ ಮನೆ'. ನಾನು ಬಂದ ವಾರದೊಳಗೆ 'ಕಾರ್ ಗೌಡ್ರ ಮನೆ ಮೇಡಮ್ಮು' ಆದೆ.

ಮಾವ ದಿನಾ ಬೆಳಿಗ್ಗೆ, ಎಲ್ಲಿಗೂ ಹೋಗುವುದಿಲ್ಲದಿದ್ದರೂ, ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಕಾರನ್ನು ಸ್ಟಾರ್ಟ್ ಮಾಡುತ್ತಿದ್ದರು. ಸಂಜೆಯೂ ಅಷ್ಟೆ. ಅದು ಹೊರಡಿಸುವ ಶಬ್ದಕ್ಕೆ ಒಂದು ಕ್ರಮವಿತ್ತು. ಮೊದಲು 'ಪುಟ್'. ಆಮೇಲೆ ಇನ್ನೊಂದು 'ಪುಟ್'. ಆಮೇಲೆ ಯೋಚನೆ ಮಾಡುವಂತೆ ಒಂದು ಉಸಿರಿನಷ್ಟು ಮೌನ. ಆಮೇಲೆ ಹಿಂದಿನ ಕೊಳವೆಯಿಂದ 'ಢಮ್!' ಗೂಡಿನಲ್ಲಿದ್ದ ಕೋಳಿಗಳಿಗೂ ಅದು ಅಭ್ಯಾಸವಾಗಿತ್ತು. ಒಳಗಿನಿಂದ ಅತ್ತೆ ಪ್ರತಿದಿನ ಕೂಗುತ್ತಿದ್ದರು: "ಏನಂದ್ರೆ, ಹೊತ್ತಾಯ್ತು, ಗಾಡಿ ಸ್ಟಾರ್ಟ್ ಮಾಡಿ!" ಮಾವ ನನ್ನ ಕಡೆ ನೋಡಿ ಹುಬ್ಬೇರಿಸುತ್ತಿದ್ದರು. "ನೋಡವ್ವ, ನಿಮ್ಮತ್ತೆಗೆ ಈ ಕಾರಂದ್ರೆ ಪ್ರಾಣ. ಒಂದಿನ ಸೌಂಡ್ ಕೇಳ್ದಿದ್ರೆ ಕೆಲ್ಸನೇ ಓಡಾಕಿಲ್ಲ ಅವ್ಳಿಗೆ."

ಈ ಢಮ್ ಎಲ್ಲಿಂದ ಹುಟ್ಟುತ್ತಿತ್ತು ಎಂದು ಸ್ವಲ್ಪ ಹೇಳಿಬಿಡುತ್ತೇನೆ. ಟೀಚರಾಗಿದ್ದವಳು, ಪಾಠ ಮಾಡದಿದ್ದರೆ ಗಂಟಲು ಕಟ್ಟುತ್ತದೆ. ಪೆಟ್ರೋಲ್ ಎಂಜಿನ್ನಿನ ಒಳಗೆ ಒಂದು ಕಿಡಿ ಹಾರಬೇಕು. ಯಾವಾಗೆಂದರೆ ಆವಾಗಲ್ಲ, ಸರಿಯಾದ ಹೊತ್ತಿಗೆ. ಒಗ್ಗರಣೆ ಇದ್ದ ಹಾಗೆ. ಎಣ್ಣೆ ಕಾಯುವ ಮುಂಚೆ ಸಾಸಿವೆ ಹಾಕಿದರೆ ಸಿಡಿಯುವುದಿಲ್ಲ, ತಡಮಾಡಿದರೆ ಸೀಯುತ್ತದೆ. ಕಿಡಿ ತಡವಾಗಿ ಬಂದರೆ ಒಳಗೆ ಉರಿಯಬೇಕಾದ ಪೆಟ್ರೋಲು ಹಾಗೇ ಹೊರಟು ಕೊಳವೆಯಲ್ಲಿ ಹೋಗಿ ಉರಿಯುತ್ತದೆ. ಅದೇ ಢಮ್. ಆಗಿನ ಕಾರುಗಳಲ್ಲಿ ಈ ಹೊತ್ತನ್ನು ಕಾಯುತ್ತಿದ್ದದ್ದು 'ಪಾಯಿಂಟು' ಎಂಬ ಎರಡು ಪುಟ್ಟ ಲೋಹದ ತುಟಿಗಳು. ತೆರೆಯುತ್ತ ಮುಚ್ಚುತ್ತ, ಕಿಡಿ ತಿಂದು ತಿಂದು, ಅವು ಸವೆಯುತ್ತಿದ್ದವು. ಮಾವನ ಕಾರಿನವು ಎಷ್ಟು ಸವೆದಿದ್ದವೆಂದರೆ ತುಟಿಗಳು ಹೋಗಿ ವಸಡು ಉಳಿದಿತ್ತು.

ಅವುಗಳನ್ನು ಉಜ್ಜಿ ಉಜ್ಜಿ ಬದುಕಿಸಿಟ್ಟಿದ್ದವನು ಶ್ರೀರಂಗಪಟ್ಟಣದ ಹೈವೇ ಪಕ್ಕದ ಮೆಕ್ಯಾನಿಕ್ ಪುಟ್ಟಾಚಾರಿ. ಅವನ ತಾತ ನೇಗಿಲು ಮಾಡುತ್ತಿದ್ದ, ಅಪ್ಪ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುತ್ತಿದ್ದ, ಇವನು ಕಾರಿಗೆ ಬಂದಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ತನ್ನ ಕಿವಿಗೂ ಇಟ್ಟು, ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಆಮೇಲೆ ಎಲ್ಲ ಕಾರುಗಳಿಗೂ ಒಂದೇ ಮಾತು ಹೇಳುತ್ತಿದ್ದ: "ಕಫ ಕಟ್ಟದೆ."

ಇದೆಲ್ಲ ಹೀಗೇ ಸಾಗುತ್ತಿತ್ತೋ ಏನೋ. ಆದರೆ ನಾಗಮಂಗಲದಲ್ಲಿ ಒಂದು ಮದುವೆ ಬಂತು. ಗಂಡಿನ ಕಡೆಯವರನ್ನು ಎದುರುಗೊಳ್ಳುವ ಹೊತ್ತಿಗೆ ಸರಿಯಾಗಿ ಮಾವನ ಕಾರು ಛತ್ರದ ಮುಂದೆ ಬಂದು ಢಮ್ ಎಂದಿತು. ಓಲಗದವನು ಬೆಚ್ಚಿ ಅಪಸ್ವರ ಊದಿದ. ಆರತಿ ಹಿಡಿದಿದ್ದ ಹೆಂಗಸು ತಟ್ಟೆಯ ಕೆಂಪು ನೀರನ್ನೆಲ್ಲ ಮದುವೆಗಂಡಿನ ಬಿಳಿ ಅಂಗಿಗೆ ಚೆಲ್ಲಿದರು. ಗುಂಪಿನೊಳಗಿಂದ ಯಾರೋ, "ಬೋರೇಗೌಡ್ರು ಬಂದ್ರು, ಕಿವಿ ಮುಚ್ಕಳ್ರಪ್ಪೋ!" ಎಂದರು. ಛತ್ರವೆಲ್ಲ ನಕ್ಕಿತು. ಪಂಚೆಯ ಗೆರೆಗಾಗಿ ಗಂಟೆಗಟ್ಟಲೆ ನಿಂತೇ ಇರುವ ಮನುಷ್ಯನಿಗೆ ಇದು ಎಷ್ಟು ನಾಟಿರಬಹುದು, ಯೋಚಿಸಿ.

ಮಾರನೆಯ ವಾರವೇ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತರಿಸಿದರು. ಎಲೆಕ್ಟ್ರಾನಿಕ್ ಇಗ್ನಿಷನ್. ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ, ಬಾಲದಂತೆ ನಾಲ್ಕು ವೈರು. ಜೊತೆಗಿದ್ದ ಇಂಗ್ಲಿಷ್ ಹಾಳೆಯನ್ನು ನನ್ನಿಂದ ಓದಿಸಿದರು. ಇದರಲ್ಲಿ ತುಟಿಗಳಿಲ್ಲ, ಸವೆತವಿಲ್ಲ. ಸಣ್ಣದೊಂದು ಅಯಸ್ಕಾಂತ ಸುತ್ತುತ್ತ ಸುಳಿವು ಕೊಡುತ್ತದೆ. ಡಬ್ಬಿ ಎಂಜಿನ್ನಿನ ವೇಗವನ್ನು ಅಳೆದು, ಕಿಡಿಯನ್ನು ತಾನೇ ಹಿಂದುಮುಂದು ಮಾಡುತ್ತದೆ. ಇಷ್ಟನ್ನು ನಾನು ಹೇಳಿದೆ. ಉಳಿದದ್ದು ನನಗೂ ಅರ್ಥವಾಗಲಿಲ್ಲ, ಆದರೆ ಸಂಬಳದ ಮರ್ಯಾದೆಗಾಗಿ ತಲೆಯಾಡಿಸಿದೆ.

ಪುಟ್ಟಾಚಾರಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ವಿಭೂತಿ ಹಚ್ಚಿ, ಕೂರಿಸಿದ. ಸ್ಟಾರ್ಟ್ ಮಾಡಿದರೆ ಕಾರು 'ಝುಂಯ್' ಎಂದಿತು. ಅಷ್ಟೆ. ಪುಟ್ ಇಲ್ಲ, ಢಮ್ ಇಲ್ಲ. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡ ಪುಟ್ಟಾಚಾರಿ ಬಹಳ ಹೊತ್ತು ಕೇಳಿದ. "ಗೌಡ್ರೇ, ಕಫನೇ ಇಲ್ಲ" ಎಂದ, ಸ್ವಲ್ಪ ದುಃಖದಿಂದ.

ಆಮೇಲೆ ಮಾವ ಮಾಡಿದ್ದನ್ನು ಆ ಸೀಮೆಯವರು ಮಾತ್ರ ಮಾಡಿಯಾರು. ಬಿಚ್ಚಿ ತೆಗೆದ ಹಳೆಯ ಪಾಯಿಂಟುಗಳನ್ನು ಎಸೆಯಲು ಅವರಿಗೆ ಮನಸ್ಸಾಗಲಿಲ್ಲ. ಎಷ್ಟೋ ವರ್ಷ ದುಡಿದ ಜೀವ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಜನ ಅಸ್ಥಿ ಬಿಡಲು ಬರುತ್ತಾರಲ್ಲ, ಅಲ್ಲಿಗೇ ನಮ್ಮನ್ನು ಕರೆದುಕೊಂಡು ಹೋದರು. ಬಾಳೆಲೆಯ ತುಂಡಿನ ಮೇಲೆ ಪಾಯಿಂಟುಗಳು, ಎರಡು ಚೆಂಡುಹೂವು. ಮೂಗು ಹಿಡಿದು ಮುಳುಗಿ ಎದ್ದು ಕಾವೇರಿಯಲ್ಲಿ ಬಿಟ್ಟರು. ಮೆಟ್ಟಿಲ ಮೇಲಿದ್ದ ಪುರೋಹಿತರೊಬ್ಬರು ಹತ್ತಿರ ಬಂದು, "ಯಾರು ಹೋದದ್ದು?" ಎಂದು ವಿಚಾರಿಸಿದರು. "ನಾಗಮಂಗ್ಲದಲ್ಲಿ ಮಾನ ಕಳ್ದೋರು" ಎಂದರು ಮಾವ.

ಮಾರನೆಯ ಬೆಳಿಗ್ಗೆ ಝುಂಯ್ ಎಂದ ಕಾರಿನ ಮುಂದೆ ಮಾವ ಕೈಕಟ್ಟಿ ನಿಂತಿದ್ದರು. ಕೊಟ್ಟಿಗೆಯಿಂದ ಅತ್ತೆ ಖಾಲಿ ಪಾತ್ರೆ ಹಿಡಿದು ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

ಈಗ ಚೆಲುವಿಯ ವಿಷಯ ಹೇಳಬೇಕು. ಚೆಲುವಿ ಅತ್ತೆಯ ಎಮ್ಮೆ. ಅತ್ತೆಯೇ ಮೇಯಿಸಿ, ಮೈ ತೊಳೆದು, ಮಗಳಂತೆ ಬೆಳೆಸಿದ್ದು. ಹಿಂದೊಮ್ಮೆ ಅದರ ಕರು ಸತ್ತಾಗ ಅದು ಸೊರ ಬಿಡುವುದನ್ನೇ ನಿಲ್ಲಿಸಿತ್ತು. ಸೊರ ಬಿಡುವುದೆಂದರೆ ಕೆಚ್ಚಲಿಗೆ ಹಾಲು ಇಳಿಸುವುದು. ಎಮ್ಮೆ ಮನಸ್ಸು ಮಾಡದಿದ್ದರೆ ಬ್ರಹ್ಮ ಬಂದು ಕೂತರೂ ಒಂದು ತೊಟ್ಟು ಬರುವುದಿಲ್ಲ. ಅತ್ತೆ ಬೂಸಾ ಇಟ್ಟರು, ಬೆಲ್ಲ ಇಟ್ಟರು, ಬೆನ್ನು ನೀವಿದರು. ಒಂದು ಬೆಳಿಗ್ಗೆ ಸೋತು ಹಣೆಯನ್ನು ಎಮ್ಮೆಯ ಹೊಟ್ಟೆಗೆ ಆನಿಸಿ ಕೂತಿದ್ದಾಗ ಗೋಡೆಯಾಚೆ ಕಾರು ಪುಟ್, ಪುಟ್, ಢಮ್ ಎಂದಿತಂತೆ. ಚೆಲುವಿ ಕಿವಿ ಅಲ್ಲಾಡಿಸಿ, ನಿಟ್ಟುಸಿರು ಬಿಟ್ಟು, ಧಾರಾಳವಾಗಿ ಸೊರ ಬಿಟ್ಟಿತಂತೆ. ಅವತ್ತಿನಿಂದ ಅದಕ್ಕೆ ಢಮ್ಮೇ ಕರು.

ಇದನ್ನು ಅತ್ತೆ ಗುಟ್ಟಾಗಿಯೇ ಇಟ್ಟಿದ್ದರು. ಈಗ ಹೇಳದೆ ವಿಧಿಯಿರಲಿಲ್ಲ. ಮಾವ ಕೇಳಿಸಿಕೊಂಡು ಜಗಲಿಯ ಮೇಲೆ ಮೆಲ್ಲಗೆ ಕೂತರು. ಪಂಚೆಯ ಗೆರೆ ಮುರಿಯಿತು.

"ಅಂಗಾದ್ರೆ ಇಷ್ಟು ದಿನ ನೀನು ಗಾಡಿ ಸ್ಟಾರ್ಟ್ ಮಾಡಿ ಗಾಡಿ ಸ್ಟಾರ್ಟ್ ಮಾಡಿ ಅಂತಿದ್ದುದ್ದು..."

"ಎಮ್ಮೆಗೆ."

"ಎಮ್ಮೆಗಾ?"

"ಮತ್ತಿನ್ಯಾರ್ಗೆ? ನಂಗೇನು ಆ ಸದ್ದು ಕೇಳಿ ಹಾಲ್ ಇಳೀತದಾ?" ಎಂದರು ಅತ್ತೆ. ಸಿಟ್ಟಿನಿಂದ ಅಂದ ಆ ಮಾತಿಗೆ ನಾನು ನಕ್ಕುಬಿಟ್ಟೆ. ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು.

ಬೇರೆ ಸಮಯವಾಗಿದ್ದರೆ ಇದು ನಗುವಿನಲ್ಲೇ ಮುಗಿಯುತ್ತಿತ್ತು. ಆದರೆ ಪಾಂಡವಪುರದಲ್ಲಿ ಹಾಲು ಕರೆಯುವ ಸ್ಪರ್ಧೆ ಹತ್ತಿರ ಬಂದಿತ್ತು. ಯಾರ ಎಮ್ಮೆ ಹೆಚ್ಚು ಹಾಲು ಕೊಡುತ್ತದೋ ಅವರಿಗೆ ಬಹುಮಾನ. ಅತ್ತೆ ತಾವೇ ಹೋಗಿ, ತಮ್ಮದೇ ಹೆಸರಿನಲ್ಲಿ ಚೆಲುವಿಯನ್ನು ಸೇರಿಸಿ ಬಂದಿದ್ದರು. ರಾಗಿ ಬೀಸುತ್ತ ನನಗೊಮ್ಮೆ ಹೇಳಿದ್ದರು: "ಬಹುಮಾನ ಬರ್ಲಿ ಬುಡ್ಲಿ ಕಣವ್ವ. ಮೈಕ್ನಲ್ಲಿ ಒಂದ್ ಕಿತ ನನ್ ಹೆಸ್ರು ಕೂಗ್ಬೇಕು. ಬರೀ ಜಯಮ್ಮ ಅಂತ. ಮುಂದೆ ಕಾರು ಇರ್ಬಾರ್ದು." ನಾನು ಆ ಮನೆಯಲ್ಲಿ ಅಷ್ಟು ದಿನವಿದ್ದು, ಅವರ ಹೆಸರನ್ನು ಊರಿನ ಯಾರ ಬಾಯಲ್ಲೂ ಕೇಳಿರಲಿಲ್ಲವೆಂದು ಆಗ ಹೊಳೆಯಿತು.

ಉಪಾಯಗಳು ಶುರುವಾದವು. ದೀಪಾವಳಿಯಲ್ಲಿ ಉಳಿದ ಪಟಾಕಿಯೊಂದನ್ನು ಹಚ್ಚಿದೆವು. ಚೆಲುವಿ ಗೂಟ ಕಿತ್ತುಕೊಂಡು ಓಡಿ ನಾಲೆಯಲ್ಲಿ ಕುತ್ತಿಗೆ ತನಕ ಮುಳುಗಿ ನಿಂತಿತು. ತಗಡಿನ ಡಬ್ಬ ಬಡಿದೆವು. ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ಹಿಡಿದು ಬಂದರು. ನಾನು ವಿಜ್ಞಾನದವಳಲ್ಲವೆ, ಕುಕ್ಕರನ್ನು ಕೊಟ್ಟಿಗೆಗೆ ಒಯ್ದು ಸೀಟಿ ಹೊಡೆಸಿದೆ. ಚೆಲುವಿ ಕರುಣೆಯಿಂದ ನನ್ನನ್ನು ನೋಡಿತು. ಹಿಂಡಿ ಹಿಂಡಿ ಅತ್ತೆಯ ಬೆರಳು ಊದಿಕೊಂಡಿತ್ತು, ಪಾತ್ರೆಯ ತಳ ಮುಚ್ಚುವಷ್ಟೂ ಹಾಲಿಲ್ಲ.

ಕೊನೆಗೆ ಮಾವ ಪಟ್ಟಣಕ್ಕೆ ಹೋಗಿ ಪುಟ್ಟಾಚಾರಿಯನ್ನು ಕರೆತಂದರು.

"ಲೇ ಆಚಾರಿ, ಇದ್ನ ಕೆಡ್ಸ್ಲಾ."

"ಏನ್ ಗೌಡ್ರೇ, ಅಂಗಂತೀರಿ? ಸರಿ ಮಾಡು ಅಂದ್ರೆ ಮಾಡ್ತೀನಿ. ನಮ್ ವಂಶದಲ್ಲೇ ಯಾರೂ ಕೆಡ್ಸಾಕೆ ಅಂತ ಕೂಲಿ ಈಸ್ಕಂಡಿಲ್ಲ."

"ಹಳೇ ಥರ ಪಾಯಿಂಟು ಹಾಕ್ಬುಡು."

"ಅವು ಹೊಳೇಲ್ ಅವೆ. ಹೊಸವ್ನ ಹಾಕಿದ್ರೆ ಹೊಸಾ ಗಾಡಿ ಥರ ಓಡ್ತದೆ. ಆ ಢಮ್ ಬರ್ಬೇಕಂದ್ರೆ ನೀವು ಇನ್ನೊಂದ್ ಹದಿನೈದು ವರ್ಷ ಓಡ್ಸ್ಬೇಕು."

ಆದರೂ ಬಾನೆಟ್ ಎತ್ತಿ ಒದ್ದಾಡಿದ. ಡಬ್ಬಿಗೆ ಸುಳಿವು ಕೊಡುವ ಭಾಗವನ್ನು ಹಿಂದಕ್ಕೆ ತಿರುಗಿಸಿದ, ಮುಂದಕ್ಕೆ ತಿರುಗಿಸಿದ. ಡಬ್ಬಿ ಹಟಮಾರಿ. ತಪ್ಪು ಮಾಡೆಂದರೂ ಲೆಕ್ಕ ಹಾಕಿ ಸರಿಯೇ ಮಾಡುತ್ತಿತ್ತು. ಕಡೆಗೆ ತಿರುಗಿಸುವಷ್ಟೂ ತಿರುಗಿಸಿದಾಗ ಒಂದು ಢಮ್ ಬಂತು. ಎಂಥ ಢಮ್! ಸೈಲೆನ್ಸರು ಕಳಚಿಕೊಂಡು ಹುಲ್ಲಿನ ಮೆದೆಗೆ ಹೋಗಿ ನಾಟಿಕೊಂಡಿತು. ನಾವು ನಾಲ್ವರೂ ಉಸಿರು ಬಿಗಿಹಿಡಿದು ಕೊಟ್ಟಿಗೆಯ ಕಡೆ ನೋಡಿದೆವು. ಚೆಲುವಿ ತಲೆ ತಿರುಗಿಸಿ, ಇದಲ್ಲ ಎಂಬಂತೆ ಮೆಲುಕು ಮುಂದುವರಿಸಿತು. ಮೊದಲಿನ ಎರಡು ಪುಟ್ ಎಲ್ಲಿ? ನಡುವಿನ ಆ ಒಂದು ಉಸಿರು ಎಲ್ಲಿ? "ಎಮ್ಮೆಗೂ ಟೈಮಿಂಗ್ ಗೊತ್ತದೆ ಕಣ್ರವ್ವ" ಎಂದ ಪುಟ್ಟಾಚಾರಿ, ಮುಖದ ಮಸಿ ಒರೆಸಿಕೊಳ್ಳುತ್ತ. ಕಾರನ್ನು ಮತ್ತೆ ಝುಂಯ್‌ಗೆ ತಂದು ನಿಲ್ಲಿಸಿದ.

ಅತ್ತೆ ಸ್ಪರ್ಧೆಗೆ ಹೋಗುವುದೇ ಬೇಡವೆನ್ನಲಿಲ್ಲ. ಹೆಸರು ಕೊಟ್ಟಾಗಿದೆ, ಹೋಗಿ ಕೂರುತ್ತೇನೆ ಎಂದರು.

ಪಾಂಡವಪುರದ ಮೈದಾನದಲ್ಲಿ ಶಾಮಿಯಾನ, ಮೈಕು, ಕುರ್ಚಿಯ ಮೇಲೆ ತೀರ್ಪುಗಾರರು. ಸಾಲಾಗಿ ನಿಂತ ಎಮ್ಮೆಗಳ ಕೊಂಬಿಗೆ ಬಣ್ಣ. ಮೈಕಿನವನಿಗೆ ಮಾವನ ಪರಿಚಯ, ಪಾಪ. "ಮುಂದಿನ ಎಮ್ಮೆ, ನಮ್ಮೆಲ್ಲರ ಪ್ರೀತಿಯ ಕಾರ್ ಬೋರೇಗೌಡ್ರುದು!" ಎಂದು ಕೂಗಿಬಿಟ್ಟ. ಅತ್ತೆ ತಲೆ ಎತ್ತಲಿಲ್ಲ. ತೀರ್ಪುಗಾರರು ಸೀಟಿ ಊದಿದರು. ಅಕ್ಕಪಕ್ಕದ ಪಾತ್ರೆಗಳಲ್ಲಿ ಜುಯ್ ಜುಯ್ ಎಂದು ನೊರೆ ಏರತೊಡಗಿತು. ಅತ್ತೆಯ ಪಾತ್ರೆ ಮಾತಾಡಲಿಲ್ಲ. ಅವರು ಕೆಚ್ಚಲಿಗೆ ನೀರು ಹಾಕಿ ನೀವಿದರು, ಹೆಸರು ಹಿಡಿದು ಕರೆದರು, ಕೊನೆಗೆ ಹಣೆಯನ್ನು ಎಮ್ಮೆಯ ಹೊಟ್ಟೆಗೆ ಆನಿಸಿ ಕೂತುಬಿಟ್ಟರು. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಮಾವನಿಗೂ ಗೊತ್ತಾಯಿತು.

ಮಾವ ನನ್ನ ಮತ್ತು ಪುಟ್ಟಾಚಾರಿಯ ಪಕ್ಕದಲ್ಲೇ ನಿಂತಿದ್ದರು, ಗಂಜಿಯ ಪಂಚೆ, ಮಡಿಸಿದ ಶಲ್ಯ. ತಾಲ್ಲೂಕಿನ ಜನವೆಲ್ಲ ಸುತ್ತ ಇತ್ತು, ನಾಗಮಂಗಲದಲ್ಲಿ ನಕ್ಕವರಲ್ಲೂ ಕೆಲವರಿದ್ದರು. ಮಾವ ಶಲ್ಯ ತೆಗೆದು ನನ್ನ ಕೈಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿದರು. ಹಗ್ಗ ದಾಟಿ ಒಳಗೆ ಹೋಗಿ, ಮನೆಯಲ್ಲಿ ಕಾರು ನಿಲ್ಲುತ್ತಿದ್ದ ಕಡೆಗೇ, ಎಮ್ಮೆಯ ಎಡಗಡೆ ಹಿಂದಕ್ಕೆ, ಸಗಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಪುಟ್" ಎಂದರು.

ಜನ ತಿರುಗಿ ನೋಡಿತು.

"ಪುಟ್."

ಕೆನ್ನೆ ಉಬ್ಬಿಸಿ, ಒಂದು ಉಸಿರಿನಷ್ಟು ಕಾದರು. ದಿನಕ್ಕೆರಡು ಬಾರಿ ಅಷ್ಟು ವರ್ಷ ಆ ಕಾರಿನ ಪಕ್ಕ ಕೈಕಟ್ಟಿ ನಿಂತವರಿಗೆ ಆ ಉಸಿರಿನ ಅಳತೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಢಮ್!"

ಚೆಲುವಿ ಕಿವಿ ಅಲ್ಲಾಡಿಸಿತು. ನಿಟ್ಟುಸಿರು ಬಿಟ್ಟಿತು. ಅತ್ತೆಯ ಪಾತ್ರೆ ಜುಯ್ ಎಂದಿತು.

ಆಮೇಲಿನ ನಗುವನ್ನು ಏನು ಹೇಳಲಿ, ಶಾಮಿಯಾನದ ಕಂಬ ಅಲ್ಲಾಡಿತು. ಹಾಲಿನ ಧಾರೆ ಸಣ್ಣಗಾದಾಗಲೆಲ್ಲ ಮಾವ ಮತ್ತೆ ಸ್ಟಾರ್ಟ್ ಆಗುತ್ತಿದ್ದರು. ತೀರ್ಪುಗಾರರಲ್ಲೊಬ್ಬರು ಎದ್ದು, ಹೊರಗಿನವರು ಶಬ್ದ ಮಾಡುವ ಹಾಗಿಲ್ಲವೆಂದು ತಕರಾರು ತೆಗೆದರು. ಪುಟ್ಟಾಚಾರಿ ಹಗ್ಗದ ಹತ್ತಿರ ನುಗ್ಗಿದ. "ಸ್ವಾಮಿ, ಕರು ಬುಟ್ಕಂಡು ಕರೆಯೋಕೆ ಅವ್ಕಾಶ ಅದೆ ತಾನೆ? ಈ ಎಮ್ಮೆಗೆ ಕರು ಇಲ್ಲ. ಅದ್ಕೆ ಗೌಡ್ರನ್ನ ಬುಟ್ಕಂಡವ್ರೆ!" ತೀರ್ಪುಗಾರರು ತಮ್ಮೊಳಗೆ ಗುಸುಗುಸು ಮಾತಾಡಿ, ಗೌಡರನ್ನು ಕರುವೆಂದು ಒಪ್ಪಿಕೊಂಡರು.

ತಡವಾಗಿ ಶುರುವಾದದ್ದಕ್ಕೆ ಎರಡನೆಯ ಬಹುಮಾನ ಬಂತು. ಮೈಕಿನವನು ಮತ್ತೆ, "ಎರಡ್ನೇ ಬಹುಮಾನ, ಕಾರ್ ಬೋರೇಗೌಡ್ರ ಎಮ್ಮೆ" ಎಂದ. ಸಗಣಿಯ ಪಕ್ಕದಿಂದ ಎದ್ದ ಮಾವ, ಮೈಕಿಗಿಂತ ಜೋರಾಗಿ ಕೂಗಿದರು.

"ಲೇ! ಸರ್ಯಾಗ್ ಹೇಳ್ಲಾ! ಅದು ಜಯಮ್ಮನ ಎಮ್ಮೆ! ನಂದು ಬರೀ ಸೌಂಡು!"

ಮೈಕಿನವನು ಹೆದರಿ "ಜಯಮ್ಮ, ಜಯಮ್ಮ, ಜಯಮ್ಮ" ಎಂದು ಮೂರು ಸಲ ಕೂಗಿದ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು, ಒಳಗಿಂದ ನಗುತ್ತಲೋ ಅಳುತ್ತಲೋ, ಹೋಗಿ ಸ್ಟೀಲಿನ ಕ್ಯಾನು ಈಸಿಕೊಂಡರು. ಮೊದಲ ಬಹುಮಾನ ಯಾರಿಗೆ ಬಂತೆಂದು ಇವತ್ತು ಆ ಸೀಮೆಯಲ್ಲಿ ಯಾರಿಗೂ ನೆನಪಿಲ್ಲ. ಜಯಮ್ಮನ ಎಮ್ಮೆ ಗೊತ್ತಿಲ್ಲದವರಿಲ್ಲ. ಮಾವ 'ಜಯಮ್ಮನ ಯಜಮಾನ್ರು' ಆದರು. ಮನೆ 'ಜಯಮ್ಮನೋರ ಮನೆ' ಆಯಿತು.

ಸರ್ವೀಸ್ ಸೆಂಟರಿನ ಸೋಫಾದಿಂದಲೇ ಅತ್ತೆಗೆ ಫೋನ್ ಮಾಡಿದೆ. ಸಂಜೆಯ ಹೊತ್ತು. "ತಡಿ ಮಗ, ಹಾಲ್ ಕರೀತಾ ಇವ್ನಿ" ಎಂದು ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟರು. ಆ ಕಾರು ಎಂದೋ ಹೋಯಿತು, ಡಬ್ಬಿಯೂ ಹೋಯಿತು. ಈಗಿರುವುದು ಚೆಲುವಿಯ ಮೊಮ್ಮಗಳೋ ಮರಿಮಗಳೋ, ಅದು ಆ ಕಾರಿನ ಮುಖವನ್ನೇ ನೋಡಿಲ್ಲ. ಫೋನನ್ನು ಕಿವಿಗಿಟ್ಟುಕೊಂಡು ಕಾದೆ. ದೂರದಿಂದ ಕೇಳಿಸಿತು. 'ಫುಟ್'. 'ಫುಟ್'. ಒಂದು ಉಸಿರು. 'ಧಫ್'.

"ಅತ್ತೆ, ಮಾವನ ಸೌಂಡು ಯಾಕೆ ಬದಲಾಗಿದೆ?"

"ಹಲ್ಲೆಲ್ಲಾ ಹೋದ್ವಲ್ಲವ್ವ. ಕಟ್ಟಿಸ್ಕಳಿ, ಮುದ್ದೆಯಾದ್ರೆ ಸೈ, ಮೂಳೆ ಕಡಿಯಾಕೆ ಹಲ್ಲು ಬ್ಯಾಡ್ವಾ ಅಂತ ಬಡ್ಕೊತೀನಿ. ಕೇಳಾಕಿಲ್ಲ. ಹೊಸಾ ಹಲ್ಲು ಹಾಕ್ಸುದ್ರೆ ಸೌಂಡ್ ಬದ್ಲಾಯ್ತದೆ, ನಿನ್ ಎಮ್ಮೆ ಸೊರ ಬುಡಾಕಿಲ್ಲ ಅಂತರೆ." ಅತ್ತೆ ಇನ್ನೊಂದೆರಡು ಧಾರೆ ಕರೆದರು. "ಬಾಡಿನ್ ಸಾರ್ ಮಾಡಿದ್ ದಿನ ನೋಡಾಕಾಗಾಕಿಲ್ಲ ಕಣವ್ವ. ಬರೀ ರಸ ಕುಡೀತರೆ."

ಫೋನಿನಲ್ಲಿ ಹಾಲು ಜುಯ್ ಎನ್ನುವುದನ್ನೇ ಕೇಳುತ್ತ ಕೂತೆ.

ಮೇಲ್ವಿಚಾರಕರು ಬಂದು ಕೀ ಕೊಟ್ಟರು. "ರೆಡಿ ಮೇಡಂ. ಸ್ಟಾರ್ಟ್ ಮಾಡಿ ನೋಡಿ, ಒಂಚೂರೂ ಸೌಂಡ್ ಇರಲ್ಲ." ಸ್ಟಾರ್ಟ್ ಮಾಡಿದೆ. ನಿಜ, ಇರಲಿಲ್ಲ. ಗಾಜು ಏರಿಸಿದೆ. ಎಡಕ್ಕೆ ಬಲಕ್ಕೆ ನೋಡಿದೆ. ಪುಟ್ ಎಂದೆ, ಇನ್ನೊಂದು ಪುಟ್ ಎಂದೆ, ಒಂದು ಉಸಿರು ಕಾದು ಢಮ್ ಎಂದೆ.

ಗಾಜು ಪೂರ್ತಿ ಏರಿರಲಿಲ್ಲವೆಂದು ಕಾಣುತ್ತದೆ. ಅವರು ಲ್ಯಾಪ್‌ಟಾಪ್ ಹಿಡಿದುಕೊಂಡೇ ಗಾಬರಿಯಿಂದ ಓಡಿಬಂದರು. "ಮೇಡಂ, ಆಫ್ ಮಾಡಿ, ಬಾನೆಟ್ ತೆಗೀರಿ!"

"ಕಾರಿಗೆ ಏನೂ ಆಗಿಲ್ಲಪ್ಪ" ಎಂದೆ. "ನಂದೇ ಸೌಂಡು."